‘ಮುಗೀತು’ ಅನ್ನದೆ ಬಿದ್ದ ಆಳು

“ಒಂದೇ ಸಲ ಒತ್ತಿದ್ದು ಸಾರ್. ನೀವು ಹೇಗೆ ತಿರುಗಿಸಿ ಕೇಳಿದ್ರೂ ಅಷ್ಟೇ.”

ಸೊಸೆ ದನಿ ಏರಿಸಲಿಲ್ಲ. ಉಣ್ಣೆಯ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಅದರ ಅಂಚಿನ ಎಳೆಯೊಂದನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

ಇನ್ಸ್‌ಪೆಕ್ಟರ್ ಅವಳ ಮುಖ ನೋಡದೆ ಪರದೆಯ ಮೇಲಿನ ಗೆರೆಯನ್ನೇ ನೋಡುತ್ತಿದ್ದರು. ಸೋಮವಾರ ಆರನೇ ಕೋಣೆಯಲ್ಲಿ ಉಸಿರಾಡುವ ಗಾಳಿ ಎಷ್ಟಿತ್ತು ಎಂದು ತೋರಿಸುವ ಗೆರೆ ಅದು. ಇಳಿದಿದೆ, ಏರಿದೆ, ಮತ್ತೆ ಇಳಿದಿದೆ. ಹಳ್ಳ, ದಿಬ್ಬ, ಹಳ್ಳ. ಆ ಎರಡನೇ ಹಳ್ಳದೊಳಗೆ ಸತ್ತು ಬಿದ್ದವರು ಮೂಗಜ್ಜ. ಈ ಹಣ್ಣಿನ ಶೈತ್ಯಾಗಾರದಲ್ಲಿ ಮೂಸಿಯೇ ಹಣ್ಣಿನ ಗುಣ ಹೇಳುತ್ತಿದ್ದ ಹಳೇ ಪರೀಕ್ಷಕರು, ಎದುರಿಗೆ ಕೂತವಳ ಮಾವ.

“ಮೊದಲನೇ ಇಳಿತ ನಿನ್ನ ಅಪ್ಪಣೆ?”

“ಹೌದು. ಬೆಳಿಗ್ಗೆ ಕೊಟ್ಟಿದ್ದು. ಕೋಣೇಲಿ ಹಣ್ಣು ಬಿಟ್ಟು ಯಾರೂ ಇರಲಿಲ್ಲ.”

“ಏರಿದ್ದು?”

“ಅದೂ ನಾನೇ. ಮಾವ ಬಂದು, ಆರರೊಳಗಿನ ಹಣ್ಣು ಯಾಕೋ ಸರಿಯಿಲ್ಲ ಅನ್ಸುತ್ತೆ, ಗಾಳಿ ಬಿಡು, ಮೂಸಿ ನೋಡ್ತೀನಿ ಅಂದ್ರು. ಬಿಟ್ಟೆ.”

“ಎರಡನೇ ಇಳಿತ?”

“ನನ್ನದಲ್ಲ.”

“ಮತ್ತೆ ಯಾರದು ತಾಯಿ?”

“ಗೊತ್ತಿದ್ರೆ ಮೊದಲ ದಿನಾನೇ ಹೇಳ್ತಿರಲಿಲ್ವಾ?”

ಸಂಜೆಯೊಳಗೆ ಇನ್ಸ್‌ಪೆಕ್ಟರ ಮೇಲಿನ ದೊಡ್ಡ ಸಾಹೇಬರ ಜೀಪು ಬರುವುದಿತ್ತು. ಬಂದರೆ ಇವಳನ್ನು ಹತ್ತಿಸಿಕೊಂಡೇ ಹೋಗುವುದು. ಅಪ್ಪಣೆಯ ಗುಂಡಿ ಇವಳ ಮೇಜಿನ ಮೇಲೆ, ಮೇಜಿರುವ ಕೋಣೆಯ ಬೀಗದ ಕೈ ಇವಳ ಕೊರಳಲ್ಲಿ. ಸಾಲದ್ದಕ್ಕೆ ಅದೇ ಬೆಳಿಗ್ಗೆ ಹಣ್ಣು ಆರಿಸುವ ಚಪ್ಪರದಲ್ಲಿ, ಎಲ್ಲರ ಎದುರಿಗೇ, “ನಿಮ್ಮ ಮೂಗಿನ ಕಾಲ ಮುಗೀತು ಮಾವ, ಇನ್ನಾದ್ರೂ ಮನೇಲಿರಿ” ಎಂದು ಇವಳು ಕೂಗಾಡಿದ್ದನ್ನು ಆರಿಸುವ ಹೆಂಗಸರೆಲ್ಲ ಕೇಳಿದ್ದರು. ದೊಡ್ಡ ಸಾಹೇಬರಿಗೆ ಇಷ್ಟು ಸಾಕು. ಹಾಲು ಬಿಟ್ಟು ಇನ್ನೂ ವರ್ಷವಾಗದ ಒಂದು ಹೆಣ್ಣು ಕೂಸು ಮನೆಯಲ್ಲಿದೆ ಎನ್ನುವುದು ಅವರ ಕಾಗದದಲ್ಲಿ ಎಲ್ಲೂ ಬರುವುದಿಲ್ಲ.

ಇನ್ಸ್‌ಪೆಕ್ಟರಿಗೆ ಮಾತ್ರ ಈ ಲೆಕ್ಕ ಗಂಟಲಲ್ಲಿ ಇಳಿದಿರಲಿಲ್ಲ. ಕೊಂದವರು ಸಾಮಾನ್ಯವಾಗಿ ಏನಾದರೊಂದು ಕಥೆ ಕಟ್ಟುತ್ತಾರೆ. ಇವಳು ಕಟ್ಟಿರಲಿಲ್ಲ. ಗೊತ್ತಿಲ್ಲ ಎಂಬ ಒಂದೇ ಮಾತನ್ನು ಹಿಡಿದುಕೊಂಡು, ಹೊಳೆಯ ನಡುವೆ ಗೂಟ ಹಿಡಿದು ನಿಂತವರ ಹಾಗೆ ನಿಂತಿದ್ದಳು.

ಅವರು ಎದ್ದು ಕಿಟಕಿಯ ಬಳಿ ಹೋದರು. ಕೆಳಗೆ ಉದ್ದನೆಯ ಓಣಿ. ಎರಡೂ ಕಡೆ ಪುಟ್ಟ ಪುಟ್ಟ ಕೋಣೆಗಳ ತಗಡಿನ ಬಾಗಿಲು, ಬಾಗಿಲ ಸುತ್ತ ಕಪ್ಪು ರಬ್ಬರಿನ ಅಂಚು. ತೇವದ ನೆಲದ ಮೇಲೆ ಕೈಗಾಡಿಯ ಗಾಲಿಗಳು ಎಳೆದ ಗೆರೆ. ಹಣ್ಣನ್ನು ಒಳಗೆ ಪೇರಿಸಿ, ಬಾಗಿಲು ಬಿಗಿದು, ಉಸಿರಾಡುವ ಗಾಳಿಯನ್ನು ಹೊರದಬ್ಬಿ ಬೇರೆ ಗಾಳಿ ತುಂಬಿದರೆ ಹಣ್ಣು ನಿದ್ದೆ ಹೋಗುತ್ತದೆ. ತಿಂಗಳುಗಟ್ಟಲೆ ಮಲಗಿದ್ದು, ಎಬ್ಬಿಸಿದಾಗ ಇವತ್ತೇ ಕಿತ್ತಂತೆ ಏಳುತ್ತದೆ. ಅದೇ ಗಾಳಿಯಲ್ಲಿ ಮನುಷ್ಯ ಎರಡು ಉಸಿರು ಎಳೆದರೆ ಮೂರನೆಯದಕ್ಕೆ ಇರುವುದಿಲ್ಲ. ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಬರುವುದಿಲ್ಲ.

ಪ್ರತಿ ಬಾಗಿಲ ಪಕ್ಕ ಒಂದು ಮೊಳೆ. ಒಳಗೆ ಹೋಗುವವರು ತಮ್ಮ ಹಿತ್ತಾಳೆ ಬಿಲ್ಲೆಯನ್ನು ಅದಕ್ಕೆ ನೇತುಹಾಕಬೇಕು. ಸೋಮವಾರ ಮೂಗಜ್ಜನೂ ಹಾಕಿದ್ದರು. ಹೆಣ ಹೊರಗೆ ತಂದಾಗ ಬಿಲ್ಲೆ ಅಲ್ಲೇ ತೂಗುತ್ತಿತ್ತು. ಆದರೆ ಉಳಿದವರು ಬಾಗಿಲು ತೆರೆದಿಟ್ಟು ಒಳಗೆ ಹೋದರೆ, ಅಜ್ಜ ಒಳಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದರು. ಓಣಿಯ ವಾಸನೆ ಒಳಗೆ ಬಂದರೆ ಕೊಳೆಯಲು ಶುರುವಾದ ಹಣ್ಣಿನ ಸುಳಿವು ಮೂಗಿಗೆ ಸಿಗುವುದಿಲ್ಲವಂತೆ. ಮುಚ್ಚಿದ ಬಾಗಿಲ ಹಿಂದೆ, ಕತ್ತಲಲ್ಲಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರಂತೆ. ಇದು ಇಲ್ಲಿ ಗಾಡಿ ತಳ್ಳುವವನಿಗೂ ಗೊತ್ತು.

ಎಲ್ಲರಿಗೂ ಗೊತ್ತಿರುವ ಅಭ್ಯಾಸದಷ್ಟು ಅಪಾಯದ್ದು ಮತ್ತೊಂದಿಲ್ಲ ಎಂದುಕೊಂಡು ಇನ್ಸ್‌ಪೆಕ್ಟರ್ ಹಿಂದಕ್ಕೆ ತಿರುಗಿದರು.

ಮೂಲೆಯ ಕುರ್ಚಿಯಲ್ಲಿ ಶೈತ್ಯಾಗಾರದ ಯಜಮಾನರ ಅಳಿಯ ಕೂತಿದ್ದ. ಈ ಪರದೆ, ಗುಂಡಿ, ಹಿಂದೆ ನಡೆಯುವ ಪ್ರೋಗ್ರಾಮು ಎಲ್ಲವೂ ಅವನ ಕೈಕೆಲಸ. ಪೆನ್ನಿನ ತಲೆಯನ್ನು ಟಿಕ್ ಟಿಕ್ ಎಂದು ಒತ್ತುತ್ತಿದ್ದ.

“ಅಳಿಯಂದಿರೇ, ನಿಮ್ಮ ಆಳುಗಳ ವಿಷಯ ಇನ್ನೊಂದು ಸಲ ಹೇಳಿ. ನಿಧಾನಕ್ಕೆ.”

“ಮೊದಲ ದಿನಾನೇ ಹೇಳಿದ್ದೀನಲ್ಲ ಸಾರ್.”

“ಹೇಳಿದ್ರಿ, ನುಂಗಿದೆ. ನನ್ನದು ಎಮ್ಮೆ ಜಾತಿ. ಮೆಲುಕು ಹಾಕದೆ ಅರಗಲ್ಲ.”

ಬಾಗಿಲಲ್ಲಿ ನಿಂತಿದ್ದ ಹವಾಲ್ದಾರ ನಗು ತಡೆದು ಕೆಮ್ಮಿದ.

“ಮೊದಲು ಒಂದು ಕೋಣೆಯ ಕೆಲಸ ಆಗೋವರೆಗೂ ಉಳಿದ ಕೋಣೆಗಳು ಕಾಯ್ತಿದ್ವು,” ಅಳಿಯ ಶುರುಮಾಡಿದ. “ಕಾದು ಕಾದು ಹಣ್ಣು ಕೆಡ್ತಿತ್ತು. ಈಗ ಹಾಗಲ್ಲ. ಗುಂಡಿ ಒತ್ತಿದ್ರೆ ಅಪ್ಪಣೆ ಸಾಲಿಗೆ ಹೋಗಿ ನಿಲ್ಲುತ್ತೆ. ಒತ್ತಿದವರು ತಮ್ಮ ಪಾಡಿಗೆ ಎದ್ದು ಹೋಗಬಹುದು. ಹಿಂದುಗಡೆ ಆರು ಆಳು ಇರ್ತಾವೆ. ಮನುಷ್ಯರಲ್ಲ, ಪ್ರೋಗ್ರಾಮುಗಳೇ, ನಾವು ಆಳು ಅಂತೀವಿ. ಬಿಡುವಾಗಿರೋದು ಸಾಲಿನ ಮುಂದಿರೋ ಅಪ್ಪಣೆ ಎತ್ಕೊಂಡು ಹೋಗುತ್ತೆ. ಆರೂ ಒಟ್ಟೊಟ್ಟಿಗೆ ದುಡೀತಾವೆ.”

“ಒಬ್ಬ ಮಾಡ್ತಿರೋದು ಇನ್ನೊಬ್ಬನಿಗೆ ಗೊತ್ತಾಗುತ್ತಾ?”

“ಇಲ್ಲ. ಗೊತ್ತಾಗೋ ಅಗತ್ಯಾನೂ ಇಲ್ಲ. ಹಂಚೋಕೆ ಮೇಲೆ ಮೇಸ್ತ್ರಿ ಇದಾನೆ. ಅವನೂ ಪ್ರೋಗ್ರಾಮೇ.”

“ಕೆಲಸ ಮುಗಿದದ್ದು ಮೇಸ್ತ್ರಿಗೆ ಹೇಗೆ ತಿಳಿಯುತ್ತೆ?”

“ಆಳು ವಾಪಸ್ ಬಂದು ‘ಮುಗೀತು’ ಅನ್ನುತ್ತೆ. ಅಂದ ಮೇಲೆ ಮೇಸ್ತ್ರಿ ಆ ಅಪ್ಪಣೇನ ಸಾಲಿನಿಂದ ಅಳಿಸ್ತಾನೆ.”

ಇನ್ಸ್‌ಪೆಕ್ಟರಿಗೆ ಹಳೆಯದೊಂದು ನೆನಪಾಯಿತು. ಅವರ ಅಪ್ಪ ಕುಯ್ಲಿನ ಗುಂಪಿಗೆ ಮೇಸ್ತ್ರಿಯಾಗಿದ್ದವರು. ಒಂದು ವರ್ಷ ಗದ್ದೆಗೆ ನೀರು ತಿರುಗಿಸಲು ಒಬ್ಬ ಆಳನ್ನು ಕಳಿಸಿದ್ದರು. ಆತ ತೂಬು ಎತ್ತಿ, ಬೇಕಾದಷ್ಟು ನೀರು ಹಾಯಿಸಿ, ತೂಬು ಇಳಿಸಿ, ಹಿಂದಿರುಗುವ ದಾರಿಯಲ್ಲಿ ಚಳಿಜ್ವರ ಬಂದು ಮರದ ಬುಡದಲ್ಲಿ ಮಲಗಿಬಿಟ್ಟ. ಇತ್ತ ಅಪ್ಪ ಕಾದರು. ಮೈಗಳ್ಳ ಎಲ್ಲೋ ಕೂತ ಎಂದು ಬೈದುಕೊಂಡು ಇನ್ನೊಬ್ಬನನ್ನು ಅಟ್ಟಿದರು. ಅವನೂ ಹೋಗಿ ಹೇಳಿದ ಕೆಲಸವನ್ನು ಹೇಳಿದಂತೆಯೇ ಮಾಡಿದ. ಪೈರು ಕೊಳೆತು ಹೋಯಿತು. ಇಬ್ಬರು ಆಳುಗಳದೂ ತಪ್ಪಿರಲಿಲ್ಲ.

“ಅಳಿಯಂದಿರೇ,” ಎಂದರು, “ಆಳು ಕೆಲಸ ಪೂರ್ತಿ ಮಾಡಿ, ‘ಮುಗೀತು’ ಅನ್ನೋಕೆ ಮುಂಚೆ ಬಿದ್ದುಹೋದ್ರೆ?”

ಪೆನ್ನಿನ ಟಿಕ್ ಟಿಕ್ ನಿಂತಿತು.

“ಅದು ಬಹಳ ಅಪರೂಪ ಸಾರ್.”

“ಎಷ್ಟು ಅಪರೂಪ ಅಂತ ಕೇಳಲಿಲ್ಲ. ಏನಾಗುತ್ತೆ ಅಂತ ಕೇಳಿದೆ.”

“ಮೇಸ್ತ್ರಿ ಸ್ವಲ್ಪ ಹೊತ್ತು ಕಾಯ್ತಾನೆ.”

“ಆಮೇಲೆ?”

“ಕೆಲಸ ಆಗಿಲ್ಲ ಅಂದ್ಕೊಂಡು…” ಅಳಿಯ ತುಟಿ ಒದ್ದೆ ಮಾಡಿಕೊಂಡ. “ಅದೇ ಅಪ್ಪಣೇನ ಇನ್ನೊಂದು ಆಳಿಗೆ ಕೊಡ್ತಾನೆ.”

ಸೊಸೆಯ ಬೆರಳು ಎಳೆಯನ್ನು ಬಿಟ್ಟಿತು.

“ಅದು ಬೇಕಂತಲೇ ಇಟ್ಟಿರೋದು ಸಾರ್,” ಅಳಿಯ ಅವಸರದಲ್ಲಿ ಹೇಳಿದ. “ಕೆಲಸ ಒಂದು ಸಲಾನೂ ಆಗದೆ ಹೋಗೋದಕ್ಕಿಂತ ಎರಡು ಸಲ ಆಗೋದು ವಾಸಿ. ತಣ್ಣಗಿರೋ ಕೋಣೇನ ಮತ್ತೆ ತಣ್ಣಗೆ ಮಾಡಿದ್ರೆ ನಷ್ಟ ಏನು? ಉರಿಯೋ ದೀಪಾನ ಮತ್ತೆ ಹಚ್ಚಿದ್ರೆ?”

“ಹೂತ ಹೆಣಾನ ಮತ್ತೆ ಹೂತ್ರೂ ನಷ್ಟ ಇಲ್ಲ,” ಎಂದ ಹವಾಲ್ದಾರ. ಇನ್ಸ್‌ಪೆಕ್ಟರ್ ಅವನತ್ತ ಒಮ್ಮೆ ನೋಡಿದರು. ಅವನು ಬಾಗಿಲ ಚೌಕಟ್ಟಿನ ಬಣ್ಣ ಪರೀಕ್ಷಿಸತೊಡಗಿದ.

“ಗಾಳಿ ತೆಗೆಯೋ ಅಪ್ಪಣೇನೂ ಇದೇ ಸಾಲಿಗೆ ಹಾಕಿದ್ರಿ.”

“ಹಾಕಿದೆ.”

“ಅಂದ್ರೆ ಬೆಳಗಿನ ಅಪ್ಪಣೇನೇ, ಈಕೆ ಗಾಳಿ ಬಿಟ್ಟ ಮೇಲೆ, ಅಜ್ಜ ಒಳಗೆ ಹೋದ ಮೇಲೆ, ಮತ್ತೆ ಎದ್ದು ಬಂದಿರಬಹುದು.”

ಮಾತಾಡಿದವಳು ಸೊಸೆ. ಬಾವಿಯ ಆಳಕ್ಕೆ ಕೊಡ ಇಳಿಸುವವಳಂತೆ ಒಂದೊಂದೇ ಮಾತು ಇಳಿಬಿಟ್ಟಳು.

“ನಾನು ಒತ್ತೋಕೆ ಮುಂಚೆ ಕಿಟಕಿಯಿಂದ ಮೊಳೆ ನೋಡ್ತೀನಿ. ಬಿಲ್ಲೆ ಇದ್ರೆ ಒತ್ತಲ್ಲ. ನಿಮ್ಮ ಮೇಸ್ತ್ರಿ ಮೊಳೆ ನೋಡ್ತಾನಾ ಅಣ್ಣ?”

“ಅವನಿಗೆ… ಅದು ಕಾಣಲ್ಲಮ್ಮ.”

“ಇಷ್ಟು ದಿನ ನನ್ನನ್ನ ಕೊಲೆಗಾತಿ ಅಂತ ಕರೆದ್ರು. ಈ ಕುರ್ಚೀಲೇ ಕೂತು ಕೇಳಿಸ್ಕೊಂಡ್ರಿ. ನೀವು ಬಾಯಿ ಬಿಡಲಿಲ್ಲ.”

“ಮಾವನವರಿಗೆ ಗೊತ್ತಾದ್ರೆ ನನ್ನನ್ನ ಮನೆಯಿಂದಾಚೆ…”

“ನಿಮ್ಮ ಮಾವ ನಿಮ್ಮನ್ನ ಆಚೆ ಹಾಕ್ತಾರೆ ಅಂತ ಭಯ. ನನ್ನ ಮಾವ ಆಚೆ ಬಂದದ್ದು ನಾಲ್ಕು ಜನರ ಹೆಗಲ ಮೇಲೆ.”

ನೆಲದೊಳಗಿಂದ ಕಂಪ್ರೆಸರಿನ ಗುಂಯ್‌ಗುಡುವಿಕೆ ಕಾಲಿನ ಮೂಲಕ ಹತ್ತಿ ಬರುತ್ತಿತ್ತು.

“ಬಾಯಿಮಾತು ಸಾಕು,” ಎಂದರು ಇನ್ಸ್‌ಪೆಕ್ಟರ್. “ಮಾಡಿ ತೋರ್ಸಿ.”

ಆರನೇ ಕೋಣೆಯನ್ನು ಹವಾಲ್ದಾರ ಒಳಹೊಕ್ಕು ನೋಡಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಹೊರಬಂದು ದೂರ ನಿಂತ. ಸೊಸೆ ಗುಂಡಿ ಒತ್ತಿದಳು. ಒಂದೇ ಸಲ. ಬಾಗಿಲ ಅಗುಳಿ ತಾನಾಗಿ ಬಿದ್ದಿತು. ಪರದೆಯ ಗೆರೆ ಇಳಿಯಿತು. ಅದು ತಳ ಮುಟ್ಟುವ ಹೊತ್ತಿಗೆ ಸರಿಯಾಗಿ ಅಳಿಯ ಮೇಜಿನ ಅಂಚಿನಲ್ಲಿದ್ದ ಆರು ಸ್ವಿಚ್ಚುಗಳಲ್ಲಿ, ದೀಪ ಉರಿಯುತ್ತಿದ್ದ ಒಂದನ್ನು ಕೆಳಗೆ ಮಾಡಿದ. ದೀಪ ಆರಿತು. ಕೆಲಸ ಮಾಡಿದ ಆಳು, ಮಾಡಿದೆ ಎಂದು ಹೇಳುವ ಮೊದಲೇ ಹೋಯಿತು.

ಆಮೇಲೆ ಸೊಸೆ ಗಾಳಿ ಬಿಡುವ ಅಪ್ಪಣೆ ಕೊಟ್ಟಳು. ಬೇರೊಂದು ಆಳು ಅದನ್ನು ಎತ್ತಿಕೊಂಡಿತು. ಗೆರೆ ಏರಿತು, ಅಗುಳಿ ಬಿಟ್ಟಿತು, ಬಾಗಿಲ ಮೇಲೆ ಹಸಿರು ದೀಪ ಬಂತು. ಹವಾಲ್ದಾರ ಇನ್ಸ್‌ಪೆಕ್ಟರ ಟೋಪಿಯನ್ನು ಮೊಳೆಗೆ ನೇತುಹಾಕಿ, ಬಾಗಿಲನ್ನು ಮೂಗಜ್ಜನ ಹಾಗೆ ಎಳೆದು ಮುಚ್ಚಿ ಮೇಲೆ ಬಂದ.

ಇನ್ನು ಕಾಯುವುದು.

ಓಣಿಯಲ್ಲಿ ಗಾಡಿ ತಳ್ಳುತ್ತಿದ್ದವರು ನಿಂತರು. ಆರಿಸುವ ಚಪ್ಪರದಿಂದ ಹೆಂಗಸರು ಕೈ ಒರೆಸಿಕೊಳ್ಳುತ್ತ ಬಂದು ಗೋಡೆಗೆ ಒತ್ತಿ ನಿಂತರು. ಅವರಿಗೆ ಏನು ನಡೆಯುತ್ತಿದೆಯೆಂದು ಯಾರೂ ಹೇಳಿರಲಿಲ್ಲ; ಮೊಳೆಯ ಮೇಲೆ ಪೊಲೀಸು ಟೋಪಿ ತೂಗುವುದನ್ನು ಕಂಡೇ ಅವರ ಮಾತು ಅಡಗಿತ್ತು. ಮೇಜಿನ ಬಳಿ ಯಾರೂ ಯಾವ ಗುಂಡಿಯನ್ನೂ ಮುಟ್ಟಲಿಲ್ಲ. ಸೊಸೆ ಎರಡೂ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡಿದ್ದಳು, ಕೈ ತಾನೇ ಹೋಗಿ ಒತ್ತೀತು ಎಂಬ ಭಯದಲ್ಲಿ ಎಂಬಂತೆ.

ಟಕ್.

ಅಗುಳಿ ಬಿದ್ದಿತು. ಹಸಿರು ದೀಪ ಕೆಂಪಾಯಿತು. ಗೆರೆ ಎರಡನೇ ಸಲ ಇಳಿಯತೊಡಗಿತು: ಹಳ್ಳ, ದಿಬ್ಬ, ಹಳ್ಳ, ಸೋಮವಾರದ ಪಡಿಯಚ್ಚು. ಮೊಳೆಯ ಮೇಲೆ ಟೋಪಿ ಹಾಗೇ ಇತ್ತು.

ಹೆಂಗಸರಲ್ಲಿ ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು.

ಸೊಸೆ ಕುರ್ಚಿಯಲ್ಲಿ ಕುಸಿದು, ಮೊದಲ ಬಾರಿಗೆ ಅತ್ತಳು. ಇನ್ಸ್‌ಪೆಕ್ಟರ್ ತಡೆಯಲಿಲ್ಲ. ದೊಡ್ಡ ಸಾಹೇಬರು ಬರಲಿ, ಇದನ್ನೇ ತೋರಿಸಿದರಾಯಿತು, ಈ ಹೆಣ್ಣುಮಗಳು ರಾತ್ರಿ ಮಗುವಿನ ಪಕ್ಕ ಮಲಗುತ್ತಾಳೆ ಎಂದುಕೊಂಡರು. ನೀರಿನ ಲೋಟ ಅವಳತ್ತ ಸರಿಸಿದರು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಉಳುವವನಿಗೆ ಒಂದು ಕಲ್ಲು ಸಿಕ್ಕರೆ ಅದರಡಿ ಇನ್ನೇನಿದೆ ಎಂದು ನೋಡದೆ ಮನಸ್ಸು ಕೇಳುವುದಿಲ್ಲ.

“ಈ ಸ್ವಿಚ್ಚು ಯಾಕಿದೆ ಅಳಿಯಂದಿರೇ? ದುಡಿಯೋ ಆಳನ್ನ ಬೀಳಿಸೋಕೆ ಯಾರಾದ್ರೂ ಸ್ವಿಚ್ಚು ಇಡ್ತಾರಾ?”

“ಬೀಳಿಸೋಕಲ್ಲ ಸಾರ್. ಆರೂ ಆಳು ಒಟ್ಟಿಗೆ ದುಡಿದ್ರೆ ಎಲ್ಲಾ ಪಂಪೂ ಒಟ್ಟಿಗೆ ಓಡ್ತಾವೆ. ಕೆಲವು ಸಲ ಕರೆಂಟು ತಡೆಯಲ್ಲ, ಕಂಪ್ರೆಸರು ಏದುಸಿರು ಬಿಡುತ್ತೆ. ಆಗ ಒಂದೆರಡು ಆಳನ್ನ ಕೆಳಗಿಳಿಸ್ತಾರೆ. ಬಿಡುವಾಗಿರೋದನ್ನ ಮಾತ್ರ. ದೀಪ ಉರೀತಿದ್ರೆ ಮುಟ್ಟೋ ಹಾಗಿಲ್ಲ, ಅದು ಕೆಲಸದಲ್ಲಿದೆ ಅಂತ.”

“ನೊಗ ಹೊತ್ತ ಎತ್ತಿನ ಕಾಲು ಕಟ್ಟಬಾರದು.”

“ಅದೇ ಸಾರ್.”

“ಸೋಮವಾರ ಯಾರೋ ಕಟ್ಟಿದ್ದಾರೆ. ಆಳು ತಾನಾಗೇ ಬಿತ್ತು ಅನ್ನಬೇಡಿ. ಕೆಲಸ ಮುಗಿದು, ಮಾತು ಬಾಯಿಗೆ ಬರೋ ಹೊತ್ತಿಗೆ ಸರಿಯಾಗಿ ತಾನಾಗೇ ಬೀಳೋ ಆಳನ್ನ ನಾನು ನೋಡಿಲ್ಲ.”

ಅಳಿಯ ನೆಲ ನೋಡಿದ. “ಸೋಮವಾರ ನಾನು ಊರಲ್ಲಿರಲಿಲ್ಲ ಸಾರ್. ಮಾವನವರ ಜೊತೆ ಹೋಗಿದ್ದೆ.”

ಅದು ನಿಜವೆಂದು ಇನ್ಸ್‌ಪೆಕ್ಟರಿಗೆ ಆಗಲೇ ಗೊತ್ತಿತ್ತು. ಆ ಹೊತ್ತಿನಲ್ಲಿ ಸೊಸೆ ಎಲ್ಲಿದ್ದಳು ಎನ್ನುವುದೂ ಗೊತ್ತಿತ್ತು. ಗುಂಡಿ ಒತ್ತಿ, ಈ ಕೋಣೆಗೆ ಬೀಗ ಹಾಕಿ, ಚಪ್ಪರಕ್ಕೆ ಹೋಗಿ ಮಾವನೊಂದಿಗೆ ಜಗಳವಾಡುತ್ತಿದ್ದಳು. ಯಾವ ಜಗಳ ಅವಳ ಕೊರಳಿಗೆ ಹಗ್ಗವಾಗಿತ್ತೋ ಅದೇ ಈಗ ಅವಳನ್ನು ದಡಕ್ಕೆ ಎಳೆಯುತ್ತಿತ್ತು. ಕೂಗಾಡುವವಳನ್ನು ಹತ್ತು ಜನ ನೋಡಿದ್ದಾರೆ. ಅದೇ ಹೊತ್ತಿಗೆ ಈ ಸ್ವಿಚ್ಚನ್ನು ಅವಳು ಮುಟ್ಟಿರಲಾರಳು.

“ಹಾಗಾದ್ರೆ ಬೇರೆ ಎಲ್ಲಿಂದ ಇಳಿಸಬಹುದು?”

“ಇನ್ನೊಂದೇ ಜಾಗ ಸಾರ್. ಇಂಥವೇ ಆರು ಸ್ವಿಚ್ಚು.” ಅಳಿಯ ಸೊಸೆಯ ಕಡೆ ನೋಡಿ, ನೋಡಬಾರದಿತ್ತು ಎಂಬಂತೆ ಕಣ್ಣು ತಪ್ಪಿಸಿದ. “ಕಂಪ್ರೆಸರ್ ಮನೇಲಿ.”

ಸೊಸೆಯ ಅಳು ನಿಂತಿತು. ಸಣ್ಣಗಾಗಿ ನಿಂತದ್ದಲ್ಲ, ಒಮ್ಮೆಲೇ, ಯಾರೋ ಬಾಗಿಲು ಹಾಕಿದಂತೆ.

“ಅಲ್ಲಿ ಯಾರಿರ್ತಾರೆ?” ಇನ್ಸ್‌ಪೆಕ್ಟರ್ ಕೇಳಿದರು. ಉತ್ತರ ಗೊತ್ತಿದ್ದೇ ಕೇಳಿದರು.

“ಮೆಕ್ಯಾನಿಕ್ಕು ಒಬ್ಬನೇ ಸಾರ್. ಬೇರೆ ಯಾರನ್ನೂ ಒಳಗೆ ಬಿಡಲ್ಲ ಅವನು.”

ಮೆಕ್ಯಾನಿಕ್ಕು ಮೂಗಜ್ಜನ ಒಬ್ಬನೇ ಮಗ. ಈ ಸೊಸೆಯ ಗಂಡ. ಅಪ್ಪ ಸತ್ತ ಮಾರನೇ ದಿನವೂ ಕೆಲಸಕ್ಕೆ ಬಂದವನು. “ಯಂತ್ರ ಬಿಟ್ಟಿರೋಕಾಗಲ್ಲ ಸಾರ್” ಎಂದವನು. ಕಿವಿ ಗಡಚಿಕ್ಕುವ ಆ ಕೋಣೆಯಲ್ಲಿ ಕರೆಂಟು ಬಿಗಿಯಾದಾಗ, ಅವಸರಕ್ಕೆ, ಉರಿಯುವ ದೀಪವನ್ನು ಗಮನಿಸದೆ ಕೈಗೆ ಸಿಕ್ಕ ಸ್ವಿಚ್ಚನ್ನು ಇಳಿಸಿದನೇ? ಹಾಗಿದ್ದರೆ ಅಪ್ಪನನ್ನು ಕೊಂದದ್ದು ತಾನೇ ಎಂದು ಅವನಿಗಿನ್ನೂ ಗೊತ್ತಿಲ್ಲ. ಇಲ್ಲವೇ ಉರಿಯುವ ದೀಪವನ್ನೇ ಕಾಯುತ್ತ ಕೂತಿದ್ದನೇ? ಗಾಳಿ ಬಿಡಿಸಿಕೊಂಡು ಒಳಗೆ ಹೋಗುವ ಅಪ್ಪನ ಅಭ್ಯಾಸ, ಬಾಗಿಲು ಎಳೆದುಕೊಳ್ಳುವ ರೂಢಿ, ಮೇಸ್ತ್ರಿ ಕಾಯುವ ಹೊತ್ತು, ಎಲ್ಲವನ್ನೂ ಬಲ್ಲವನು ಇಲ್ಲಿ ಅವನಿಗಿಂತ ಯಾರಿದ್ದಾರೆ?

“ಹವಾಲ್ದಾರ್, ಮೆಕ್ಯಾನಿಕ್ಕನ್ನ ಕರೀರಿ.”

“ಬೇಡ,” ಎಂದಳು ಸೊಸೆ.

ಅವಳು ಎದ್ದು ನಿಂತಿದ್ದಳು. ಮಡಿಲಲ್ಲಿದ್ದ ಉಣ್ಣೆಯ ಟೋಪಿ ನೆಲಕ್ಕೆ ಬಿದ್ದಿತ್ತು. ಸೆರಗಿನಿಂದ ಮುಖ ಒರೆಸಿಕೊಂಡಳು, ಕೆಲಸಕ್ಕೆ ಹೊರಡುವವಳು ಒರೆಸಿಕೊಳ್ಳುವ ಹಾಗೆ.

“ಬರ್ಕೊಳ್ಳಿ ಸಾರ್. ಎರಡು ಸಲಾನೂ ಒತ್ತಿದ್ದು ನಾನೇ.”

ಅಳಿಯನ ಪೆನ್ನು ಕೈಯಿಂದ ಜಾರಿತು. ಇನ್ಸ್‌ಪೆಕ್ಟರ್ ಅವಳನ್ನೇ ನೋಡಿದರು.

“ಸುಳ್ಳು ಹೇಳಬೇಡ ತಾಯಿ. ನಿನ್ನ ಒಂದೇ ಅಪ್ಪಣೆ ಎರಡು ಸಲ ನಡೆಯುತ್ತೆ ಅಂತ ಯಂತ್ರವೇ ಹೇಳ್ತಲ್ಲ.”

“ಯಂತ್ರ ಹೇಳಿದ್ದೆಲ್ಲ ನಿಜ ಅಲ್ಲ. ಆದ ಕೆಲಸಾನ ಆಗಿಲ್ಲ ಅಂದ್ಕೊಳ್ಳುತ್ತೆ ಅಂತ ಈಗ ತಾನೇ ನೀವೇ ತೋರ್ಸಿದ್ರಲ್ಲ, ಎಲ್ಲರ ಮುಂದೆ.”

“ನೀನು ಚಪ್ಪರದಲ್ಲಿದ್ದೆ. ಹತ್ತು ಜನ ನೋಡಿದ್ದಾರೆ.”

“ಜಗಳ ಮುಗಿಸಿ ವಾಪಸ್ ಬಂದೆ. ಗಾಳಿ ಬಿಟ್ಟೆ. ಮಾವ ಒಳಗೆ ಹೋದ್ರು. ಮೊಳೇಲಿ ಬಿಲ್ಲೆ ಕಾಣ್ತು. ಕಂಡೇ ಒತ್ತಿದೆ. ಕೋಪ ಇತ್ತು.” ಅವಳ ದನಿಯಲ್ಲಿ ಕೋಪವಿರಲಿಲ್ಲ, ಏನೂ ಇರಲಿಲ್ಲ. “ಇನ್ನೇನು ಬೇಕು? ದೊಡ್ಡ ಸಾಹೇಬರಿಗೂ ಇದೇ ತಾನೇ ಬೇಕಿರೋದು.”

ಇನ್ಸ್‌ಪೆಕ್ಟರಿಗೆ ತಮ್ಮದೇ ಕುಡುಗೋಲು ತಮ್ಮ ಕಾಲಿಗೆ ತಗುಲಿದಂತಾಯಿತು. ಅವಳನ್ನು ಬಿಡಿಸಲು ಕಟ್ಟಿದ ಸಾಕ್ಷಿಯ ಹಗ್ಗವನ್ನು ಅವಳೇ ತೆಗೆದುಕೊಂಡು ತನ್ನ ಕೈಗೆ ಸುತ್ತಿಕೊಂಡಿದ್ದಳು. ಗೇಟಿನ ಹತ್ತಿರ ಜೀಪಿನ ಹಾರ್ನು ಕೇಳಿಸಿತು.

“ಮಗು?” ಎಂದರು ಅವರು, ಮೆಲ್ಲಗೆ.

ಅವಳು ಬಗ್ಗಿ ನೆಲದಿಂದ ಟೋಪಿ ಎತ್ತಿಕೊಂಡಳು. “ಮಗೂಗೆ ಒಬ್ಬರಾದ್ರೂ ಇರ್ಲಿ ಸಾರ್.”

ಆಗಲೇ ಬಾಗಿಲಲ್ಲಿ ಎಣ್ಣೆಯ ವಾಸನೆ ಬಂತು. ಹವಾಲ್ದಾರ ಪಕ್ಕಕ್ಕೆ ಸರಿದ. ಮೆಕ್ಯಾನಿಕ್ಕು ಹತ್ತಿಯ ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಯಾವಾಗ ಬಂದನೋ, ಎಷ್ಟು ಕೇಳಿಸಿಕೊಂಡನೋ. ಒಂದೊಂದೇ ಬೆರಳನ್ನು, ಉಗುರಿನ ಸಂದನ್ನೂ ಬಿಡದೆ ಒರೆಸುತ್ತಿದ್ದ.

ಸೊಸೆ ಅವನತ್ತ ತಿರುಗಲಿಲ್ಲ. ಅವನು ಇಲ್ಲ ಎನ್ನಲಿ ಎಂದು ಇನ್ಸ್‌ಪೆಕ್ಟರ್ ಕಾದರು. ಹಾಗಲ್ಲ ಸಾರ್, ಅವಳು ಹೆದರಿ ಹೇಳ್ತಿದ್ದಾಳೆ ಎನ್ನಲಿ. ಬೈಯಲಿ, ಅಳಲಿ, ಏನಾದರೂ ಸರಿ.

ಕೊನೆಯ ಬೆರಳು ಒರೆಸಿಯಾದ ಮೇಲೆ ಅವನು ಚಿಂದಿಯನ್ನು ಮಡಿಚಿ ಜೇಬಿಗಿಟ್ಟ.

“ಅವಳು ಹೇಳಿದ್ದು ನಿಜ ಸಾರ್,” ಎಂದ. “ಅವಳು ಎರಡನೇ ಸಲ ಒತ್ತಿದ್ದನ್ನ ನಾನೇ ಕಣ್ಣಾರೆ ನೋಡಿದೆ.” ಯಂತ್ರ ಬಿಟ್ಟಿರೋಕಾಗಲ್ಲ ಎಂದಿದ್ದವನೂ ಅವನೇ.

ಸೊಸೆ ಆಗ ತಿರುಗಿದಳು.